ಗುಂಯ್ ಅನ್ನದ ಪೆಟ್ಟಿಗೆ

ಮಕ್ಕಳೇ, ಮೊದಲೇ ಹೇಳಿಬಿಡುತ್ತೇನೆ: ನಿಮ್ಮ ಚಿಕ್ಕತಾತ ದರೋಡೆಕೋರನಲ್ಲ. ತಲೆ ನೆಟ್ಟಗಿದೆಯೇ ಎಂದು ಕೇಳಿದರೆ ಅದಕ್ಕೆ ನಾನು ಜವಾಬ್ದಾರಳಲ್ಲ. ಆದರೆ ದರೋಡೆಕೋರ ಮಾತ್ರ ಅಲ್ಲವೇ ಅಲ್ಲ!

ಕಳೆದ ರಜೆಯಲ್ಲಿ ಊಟಕ್ಕೆ ಕೂತಾಗ ನೀವು ಮೊಬೈಲ್ ಹಿಡಿದು ಕೇಳಿದಿರಿ: "ಅಜ್ಜಿ, ಗಿಟಾರಿನ ಆಂಪ್ಲಿಫೈಯರ್ ಎಂಟು ಸಾವಿರಕ್ಕೆ ಮನೆ ಬಾಗಿಲಿಗೇ ಬರತ್ತೆ. ಚಿಕ್ಕತಾತ ಅದೇ ಪೆಟ್ಟಿಗೆಗೆ ಒಂದೂಮುಕ್ಕಾಲು ಲಕ್ಷ ತಗೋತಾರಲ್ಲ, ಇದು ದರೋಡೆ ಅಲ್ವಾ?" ಪಂಕ್ತಿಯಲ್ಲಿ ಎಂಟು ಜನ. ನಾನು ನಾಲ್ಕು ಜನರ ಮುಂದೆ ಬಾಯಿ ಬಿಡಲಾರದವಳು. "ಇನ್ನೊಂದು ಸೌಟು ಸಾರು ಹಾಕಲಾ?" ಎಂದು ಕೇಳಿ ಅಡುಗೆಮನೆಗೆ ಓಡಿದೆ. ತೌರೂರಿನ ಸ್ಕೂಲಿನಲ್ಲೂ ನನ್ನದು ಇದೇ ಕಥೆ. ಮೇಷ್ಟ್ರು ಪ್ರಶ್ನೆ ಕೇಳಿದರೆ ಉತ್ತರ ಗೊತ್ತಿದ್ದೂ ಬಾಯಲ್ಲಿ ಬರುತ್ತಿರಲಿಲ್ಲ. ಸ್ಲೇಟಿನಲ್ಲಿ ಬರೆದು ಎತ್ತಿ ತೋರಿಸುತ್ತಿದ್ದೆ. ಈ ಕಾಗದವನ್ನೂ ಸ್ಲೇಟು ಅಂತಲೇ ತಿಳಿದುಕೊಳ್ಳಿ.

ಚಿಕ್ಕತಾತ ಎಂದರೆ ನಿಮ್ಮ ತಾತನ ತಮ್ಮ, ನನ್ನ ಮೈದುನ. ಅರಸೀಕೆರೆ ಸ್ಟೇಷನ್ ಹತ್ತಿರ ಅವನದೊಂದು ರೇಡಿಯೋ ರಿಪೇರಿ ಅಂಗಡಿ ಇತ್ತು. ಮದುವೆ ಯಾಕೆ ಆಗಲಿಲ್ಲ ಎಂದು ನೀವು ಒಮ್ಮೆ ಕೇಳಿದ್ದಿರಲ್ಲ? ಪ್ರಯತ್ನವೇನೋ ಮಾಡಿದೆವು, ಜಾವಗಲ್ಲಿಗೆ ಹೆಣ್ಣು ನೋಡಲು ಹೋಗಿದ್ದೆವು. ಹುಡುಗಿ ಉಪ್ಪಿಟ್ಟಿನ ತಟ್ಟೆ ಹಿಡಿದು ಬಂದಳು. ಇವನ ಕಣ್ಣೆಲ್ಲ ಮೂಲೆಯಲ್ಲಿ ಗೊರಗೊರ ಅನ್ನುತ್ತಿದ್ದ ರೇಡಿಯೋ ಮೇಲೆ! "ಒಂದು ಸ್ಕ್ರೂಡ್ರೈವರ್ ಐತಾ?" ಎಂದು ಹುಡುಗಿಯ ತಂದೆಯನ್ನೇ ಕೇಳಿದ. ಎರಡು ಗಂಟೆ ಹೊತ್ತು ರೇಡಿಯೋದೊಳಗೆ ಮುಖ ಹುದುಗಿಸಿ ಕೂತ. ವಾಪಸು ಬರುವಾಗ ಬಸ್ಸಿನಲ್ಲಿ ನಿಮ್ಮ ತಾತ ಕೇಳಿದರು, "ಹೆಂಗಿದ್ಲೋ?"

"ಸ್ಪೀಕರ್ ಚೆನ್ನಾಗೈತಣ್ಣ. ಟ್ಯೂನಿಂಗ್ ದಾರ ಸಡ್ಲ ಆಗಿತ್ತು, ಅಷ್ಟೇಯ."

ಆ ಮನೆಯ ರೇಡಿಯೋ ಮತ್ತೆ ಹಾಡಿತು. ನಮ್ಮ ಮನೆಯಲ್ಲಿ ಓಲಗ ಊದಲಿಲ್ಲ.

ಕಾಲ ಕಳೆದು ರೇಡಿಯೋ ರಿಪೇರಿಗೆ ಯಾರೂ ಬರದಂತಾಯಿತು. ಅಂಗಡಿ ಮುಚ್ಚಬೇಕು ಅನ್ನುವಾಗ ರೈಲು ತಪ್ಪಿಸಿಕೊಂಡ ಉದ್ದ ಕೂದಲಿನವನೊಬ್ಬ ಕೆಟ್ಟುಹೋದ ಆಂಪ್ಲಿಫೈಯರ್ ಹೊತ್ತುಕೊಂಡು ಬಂದ. ಈ ಕರೆಂಟಿನ ಗಿಟಾರಿಗೆ ಹೊಟ್ಟೆಯೇ ಇಲ್ಲ ನೋಡಿ, ಬರೀ ಹಲಗೆ. ಎಷ್ಟು ಮೀಟಿದರೂ ಸೊಳ್ಳೆಯಷ್ಟೇ ಸದ್ದು. ಆ ಪೆಟ್ಟಿಗೆಯೇ ಅದರ ಗಂಟಲು. ಇವನು ಒಳಗೆ ನೋಡಿದರೆ ಹಳೇ ರೇಡಿಯೋದ ಗಾಜಿನ ವಾಲ್ವುಗಳು! ತೌರುಮನೆಯವರನ್ನು ಕಂಡಷ್ಟು ಸಂತೋಷವಾಯಿತಂತೆ. ಅವತ್ತಿನಿಂದ ರೇಡಿಯೋದವನು ಮನೆಯಲ್ಲೇ ಪೆಟ್ಟಿಗೆ ಕಟ್ಟುವ ಆಂಪ್ಲಿಫೈಯರಿನವನಾದ. ಇಂಥ ಕೈಕೆಲಸದ ಪೆಟ್ಟಿಗೆಗೆ 'ಬೊಟಿಕ್ ಆಂಪ್' ಅನ್ನುತ್ತಾರೆ ಎಂದು ಆ ಉದ್ದ ಕೂದಲಿನವನೇ ಹೇಳಿದ್ದು. ನಮಗೆ ಗೊತ್ತಿದ್ದ ಬೊಟಿಕ್ ಎಂದರೆ ಅರಸೀಕೆರೆಯಲ್ಲಿ ಮದುವೆ ಬ್ಲೌಸ್ ಹೊಲಿಯುವ ಅಂಗಡಿ. ಅದೇ ಬಟ್ಟೆ, ಅದೇ ದಾರ, ಪಕ್ಕದ ಟೈಲರಿಗಿಂತ ಹತ್ತು ಪಟ್ಟು ಮಜೂರಿ. ನಿಮ್ಮ ಪ್ರಶ್ನೆಗೆ ಆಗಲೇ ಅರ್ಧ ಉತ್ತರ ಸಿಕ್ಕಿತ್ತು. ಉಳಿದರ್ಧ ಸಿಗಲು ಬಹಳ ವರ್ಷ ಬೇಕಾಯಿತು.

ಅವನು ಕೆಲಸ ಮಾಡುವ ಚಂದ ಕೇಳಿ. ಪೆಟ್ಟಿಗೆಯೊಳಗೆ ಟ್ರಾನ್ಸ್‌ಫಾರ್ಮರ್ ಅಂತ ಒಂದು ಇರುತ್ತದೆ. ಅದಕ್ಕೆ ಕೂದಲೆಳೆಯಂಥ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಬೇಕು. ಯಂತ್ರದಲ್ಲಿ ಸುತ್ತಿದ್ದು ಅಂಗಡಿಯಲ್ಲಿ ಸಿಗುತ್ತದೆ. ಇವನು ಮಾತ್ರ ಕೈಯಲ್ಲೇ ಸುತ್ತುತ್ತಾನೆ, ಬಾಯಲ್ಲೇ ಎಣಿಸುತ್ತಾನೆ. ತಪ್ಪಿದರೆ ಮತ್ತೆ ಒಂದರಿಂದ! ಹೀಗೆ ಸುತ್ತುತ್ತಿರುವಾಗ ನೆಂಟರೊಬ್ಬರು ಮಗಳ ಮದುವೆಯ ಕಾಗದ ಕೊಡಲು ಬಂದರು.

"ಮನೆಮಂದಿಯೆಲ್ಲ ಬರ್ಬೇಕು ಕಣಪ್ಪ. ಎಷ್ಟು ಜನ ಬತ್ತೀರಿ?"

"ಎರಡ್ ಸಾವಿರದ ನಾನೂರ ಹನ್ನೊಂದು."

ನೆಂಟರು ಕಂಬ ಹಿಡಿದುಕೊಂಡರು. "ಅಯ್ಯೋ! ಊಟಕ್ಕೋ, ಹಿಂದಿನ ದಿವಸವೇ ಬತ್ತೀರೋ?"

"ಎರಡ್ ಸಾವಿರದ ನಾನೂರ ಹನ್ನೆರಡು."

ನಾನು ಅಡುಗೆಮನೆ ಬಾಗಿಲಿನಿಂದ ಕೈಸನ್ನೆ ಮಾಡಿದೆ, ತಟ್ಟೆ ಆಡಿಸಿದೆ. ಅವರು ನನ್ನ ಕಡೆ ನೋಡಿದರೆ ತಾನೇ? ಆ ಮನೆಯ ಮುಂದಿನ ಮದುವೆಗೆ ಕಾಗದ ಅಂಚೆಯಲ್ಲಿ ಬಂತು.

ತಂತಿ ಸುತ್ತಿ, ಬೆಸುಗೆ ಹಾಕಿ, ಹಲಸಿನ ಹಲಗೆಯ ಪೆಟ್ಟಿಗೆ ಮಾಡಿ ಮುಗಿಸಿದ ಮೇಲಾದರೂ ಮಾರುತ್ತಾನಾ? ಇಲ್ಲ. ಅಟ್ಟಕ್ಕೆ ಏರಿಸುತ್ತಾನೆ! ನಮ್ಮ ಕಡೆ ಕೊಬ್ಬರಿಗೆ ಕಾಯನ್ನು ವರ್ಷದ ಹತ್ತಿರ ಅಟ್ಟದಲ್ಲಿ ಇಡುವುದು ನೀವೇ ನೋಡಿದ್ದೀರಿ. ನೀರು ಆರಿ, ಒಳಗಿನ ತಿರುಳು ಗಿಟುಕಾಗಿ ಚಿಪ್ಪು ಬಿಟ್ಟು, ಕಿವಿಯ ಹತ್ತಿರ ಅಲ್ಲಾಡಿಸಿದರೆ ಲೊಟಲೊಟ ಅನ್ನಬೇಕು. ಇವನ ಪೆಟ್ಟಿಗೆಗೂ ಅದೇ ಶಾಸ್ತ್ರ. "ಕಾಯಿಗೆ ಹನ್ನೊಂದು ತಿಂಗಳು ಬೇಕು ಅಂದ್ರೆ ಯಾರೂ ನಗಲ್ಲ. ಮರ, ಅಂಟು, ವಾರ್ನಿಷು ಒಂದಕ್ಕೊಂದು ಹೊಂದ್ಕಳೋದು ಬ್ಯಾಡ್ವಾ?" ಅನ್ನುತ್ತಾನೆ. ಒಂದು ಸಲ ಕಾಯಿ ಸುಲಿಯುವವನು ಅಟ್ಟ ಹತ್ತಿದ. ಒಂದೊಂದೇ ಕಾಯನ್ನು ಕಿವಿಗೆ ಹಿಡಿದು ಅಲ್ಲಾಡಿಸುತ್ತಾ ಬಂದವನು ಕತ್ತಲಲ್ಲಿ ಪೆಟ್ಟಿಗೆಯನ್ನೂ ತಬ್ಬಿ ಅಲ್ಲಾಡಿಸಿ ಮೇಲಿನಿಂದಲೇ ಕೂಗಿದ, "ಅಣ್ಣೋ, ಈ ದಪ್ಪ ಕಾಯಿ ಇನ್ನೂ ಆಗಿಲ್ಲ. ಲೊಟ ಅಂತಿಲ್ಲ!"

ಮೈದುನ ಜಗಲಿಯಿಂದ ಕೈಮುಗಿದ. "ಲೊಟ ಅನ್ನದಿದ್ರೇನೇ ಅದು ಆಗಿರೋದು ಕಣಪ್ಪ. ಇಳಿಸ್ಬ್ಯಾಡ, ಇಳಿಸ್ಬ್ಯಾಡ!"

ಚೌಕಾಸಿ ಮಾಡಲು ಬಂದವರಿಗೆ ಇವನು ಬೆಲೆ ಹೇಳುವುದಿಲ್ಲ. ಹಳೇಬೀಡಿನ ಬಸ್ಸು ಹತ್ತಿಸುತ್ತಾನೆ. ಬೆಂಗಳೂರಿನಿಂದ ಬಂದಿದ್ದ ಒಬ್ಬ ದೊಡ್ಡ ಮನುಷ್ಯರನ್ನು ದೇವಸ್ಥಾನದ ಸುತ್ತ ನಡೆಸಿ ಗೋಡೆಯ ಕೆಳಸಾಲಿನ ಆನೆಗಳನ್ನು ಒಂದೊಂದಾಗಿ ನೋಡಿಸಿದ. ಮಧ್ಯಾಹ್ನದ ಬಿಸಿಲು. ಆ ಮನುಷ್ಯರ ನೆತ್ತಿ ಹಪ್ಪಳವಾಗಿತ್ತು. "ಒಂದರಂಗೆ ಇನ್ನೊಂದು ಐತಾ ಸ್ವಾಮಿ?" "ಇಲ್ಲ, ಇಲ್ಲ." "ಕೆತ್ತಿದವನ ಹತ್ರ ನೀವು ಕಮ್ಮಿ ಮಾಡ್ಕಳಪ್ಪ ಅಂತಿದ್ರಾ?" ಅವರೂ ಬಿಡಲಿಲ್ಲ. "ಇಷ್ಟೆಲ್ಲ ಕೆತ್ತಿ ಕೊನೆಗೂ ಪೂರ್ತಿ ಮಾಡಲಿಲ್ಲ ಅಂತಾರಲ್ರೀ?" ಅಂದರು. "ಅದಕ್ಕೇ ಹೇಳಿದ್ದು," ಅಂದನಂತೆ ಮೈದುನ, "ಅವರು ತಲೆಮಾರುಗಟ್ಟಲೆ ಕೆತ್ತಿ ಮುಗಿಸ್ನಿಲ್ಲ. ನಾನು ಹನ್ನೊಂದೇ ತಿಂಗಳಿಗೆ ಮುಗಿಸಿವ್ನಿ. ನ್ಯಾಯವಾಗಿ ನೀವು ಇನ್ನೂ ಜಾಸ್ತಿ ಕೊಡ್ಬೇಕು!" ಆ ಮನುಷ್ಯರು ಕೇಳಿದಷ್ಟು ಕೊಟ್ಟು, ಪೆಟ್ಟಿಗೆ ಕಳಿಸಿಕೊಡಿ ಎಂದು ಹೇಳಿ, ಎಳನೀರು ಕುಡಿದು, ಅಲ್ಲಿಂದಲೇ ಬಸ್ಸು ಹತ್ತಿದರು.

ಇನ್ನೊಂದು ಹುಚ್ಚು ಬೇಲೂರಿನಿಂದ ಹತ್ತಿಸಿಕೊಂಡು ಬಂದದ್ದು. ಅಲ್ಲಿ ವಿಗ್ರಹಗಳ ಪಾದದ ಹತ್ತಿರ ಶಿಲ್ಪಿಗಳು ತಮ್ಮ ಹೆಸರು ಕೆತ್ತಿದ್ದಾರೆ. ಇವನೂ ಪೆಟ್ಟಿಗೆಯ ಒಳಗೆ, ಯಾರೂ ನೋಡದ ಜಾಗದಲ್ಲಿ, ಪೆನ್ಸಿಲ್ಲಿನಲ್ಲಿ ಬರೆಯುತ್ತಾನೆ. ತನ್ನ ಹೆಸರನ್ನಲ್ಲ! 'ಕೇಳಿ ನೋಡಿದವರು: ಅತ್ತಿಗೆ' ಎಂದು. ಬೆಂಗಳೂರಿನ ಗಿಟಾರಿನವರು ಅದನ್ನು ಕಂಪನಿಯ ಹೆಸರು ಅಂದುಕೊಂಡು "ನನ್ನ ಹತ್ರ ಅತ್ತಿಗೆ ಇದೆ, ನಿನ್ನ ಹತ್ರ ಯಾವುದಿದೆ?" ಎಂದು ಮಾತಾಡಿಕೊಳ್ಳುತ್ತಾರಂತೆ. ಇದನ್ನು ಕೇಳಿ ನಾನು ಎರಡು ದಿನ ಅಂಗಳಕ್ಕೆ ಬರಲಿಲ್ಲ.

ಈಗ ಆ 'ಕೇಳಿ ನೋಡುವ' ವಿಷಯಕ್ಕೆ ಬರುತ್ತೇನೆ.

ನಿಮ್ಮ ತಾತ ಹೋದ ಮೇಲೆ ನನಗೆ ಮಾತು ನಿಂತುಹೋಗಿತ್ತು. ಮೊದಲೂ ಹೆಚ್ಚು ಆಡುತ್ತಿದ್ದವಳಲ್ಲ. ಆಡುತ್ತಿದ್ದ ನಾಲ್ಕು ಮಾತೂ ಅವರ ಹತ್ತಿರವೇ. ಬಂದವರೆಲ್ಲ "ಮಾತಾಡಮ್ಮ, ಅತ್ತುಬಿಡಮ್ಮ" ಎಂದು ಭುಜ ಅಲ್ಲಾಡಿಸುತ್ತಿದ್ದರು, ಅಟ್ಟದ ಕಾಯಿಯ ಹಾಗೆ. ಮೂರು ತಿಂಗಳು ಒಂದು ಅಕ್ಷರ ಹೊರಡಲಿಲ್ಲ. ಒಂದು ಸಂಜೆ ಐದು ಗಂಟೆಗೆ ಮೈದುನ ಪೆಟ್ಟಿಗೆಯೊಂದನ್ನು ತಂದು ಅಡುಗೆಮನೆ ಹೊಸ್ತಿಲ ಮುಂದೆ ಇಟ್ಟ.

"ಅತ್ತಿಗೆ, ನೀವೇನೂ ಮಾತಾಡಬ್ಯಾಡಿ. ಒಳ್ಳೇ ಆಂಪ್ಲಿಫೈಯರು ಸುಮ್ನಿರೋವಾಗ ಸುಮ್ನಿರ್ಬೇಕು, ಗುಂಯ್ ಅನ್ನಬಾರ್ದು. ನಂಗೆ ಕಿವಿ ಮಂದ ಆಗೈತೆ. ಗುಂಯ್ ಅಂತೈತೋ ಇಲ್ವೋ ತಲೆ ಆಡ್ಸಿ ಸಾಕು."

ಕೂತು ಕೇಳಿದೆ. ಬಹಳ ಹೊತ್ತು ಕೇಳಿದೆ. ದೂರದಲ್ಲಿ ಒಂದು ದುಂಬಿ ಇದ್ದ ಹಾಗಿತ್ತು. ತಲೆ ಆಡಿಸಲು ಹೋದವಳ ಬಾಯಿಂದ ಹೊರಟೇಬಿಟ್ಟಿತು: "ಗುಂಯ್ ಅಂತೈತೆ ಕಣಪ್ಪ."

ಅವನು ಪೆಟ್ಟಿಗೆ ಎತ್ತಿಕೊಂಡು ಹೋದ.

ಅವತ್ತಿನಿಂದ ನನಗೆ ಅದೇ ಉದ್ಯೋಗ. ಸಂಜೆ ಐದಾದರೆ ಫ್ರಿಜ್ ಬಂದ್, ಫ್ಯಾನ್ ಬಂದ್. ಪಕ್ಕದ ಮನೆಗೆ ಹೋಗಿ "ಒಂದರ್ಧ ಗಂಟೆ ಮಿಕ್ಸಿ ಹಾಕ್ಬ್ಯಾಡ್ರವ್ವ" ಎಂದು ಬೇಡಿಕೊಂಡು ಬರುತ್ತಿದ್ದ. ಅವರ ಮನೆಯ ಚಟ್ನಿ ಐದೂವರೆಯ ಮೇಲೇ ಆಗುತ್ತಿತ್ತು. ನಾನು "ಇಲ್ಲ" ಅಂದರೆ ಪೆಟ್ಟಿಗೆ ಪಾಸು. "ಅಂತೈತೆ" ಅಂದರೆ ಬಿಚ್ಚಿ, ಮತ್ತೆ ಬೆಸುಗೆ ಹಾಕಿ, ಮತ್ತೆ ಅಟ್ಟಕ್ಕೆ! ಒಂದು ಪೆಟ್ಟಿಗೆಯಂತೂ ಮೂರು ಸಲ ಅಟ್ಟ ಹತ್ತಿ ಇಳಿಯಿತು. ಕಿವಿ ಮಂದ ಎಂದು ಹೊರಗೆ ತಿಳಿದರೆ ಇವನ ಪೆಟ್ಟಿಗೆ ಯಾರು ಕೊಳ್ಳುತ್ತಾರೆ ಹೇಳಿ? ಹಾಗಾಗಿ ನಾನೂ ಗುಟ್ಟು ಬಿಡಲಿಲ್ಲ. ಆದರೆ ಒಂದು ಮಾತ್ರ ಬಗೆಹರಿಯುತ್ತಿರಲಿಲ್ಲ. ಹಿತ್ತಲಿನಲ್ಲಿ ಕಾಯಿ ಉದುರಿದರೆ ಯಾವ ಮರದ್ದು ಎಂದು ಕೂತಲ್ಲಿಂದಲೇ ಹೇಳುತ್ತಿದ್ದನಲ್ಲ, ಇದೆಂಥ ಮಂದ?

ಮೊನ್ನೆ ಮೊನ್ನೆ ಒಂದು ಹುಡುಗಿ ಬಂದಳು. ಎರಡು ವರ್ಷ ಕಾದಿದ್ದಾಳೆ, ಕೂಡಿಟ್ಟುಕೊಂಡ ದುಡ್ಡು ತಂದಿದ್ದಾಳೆ. ಬರುವ ಶನಿವಾರ ಅವಳ ಮೊದಲ ಕಛೇರಿಯಂತೆ. ನಡುಮನೆಯಲ್ಲಿ ಕೂತು ಬಾರಿಸಿದಳು. ಗಿಟಾರಿನ ವಿಷಯ ನನಗೇನು ತಿಳಿದೀತು? ಆದರೆ ಹಾಲು ಉಕ್ಕುತ್ತಿದ್ದರೂ ಒಲೆ ಆರಿಸದೆ ನಿಂತಿದ್ದೆ, ಅಷ್ಟು ಹೇಳಬಲ್ಲೆ. ಬಾರಿಸಿ ನಿಲ್ಲಿಸಿದಳು. ಮೈದುನ ಬಾಗಿಲ ಕಡೆ ತಿರುಗಿದ. "ಅತ್ತಿಗೆ?"

ಹೊಸಬರ ಮುಂದೆ ನಾನು ಉಸಿರೂ ಬಿಡುವವಳಲ್ಲ. ಆದರೆ ಎರಡು ವರ್ಷ ಕಾದವಳಿಗೆ ಸುಳ್ಳು ಹೇಳುವುದೇ? ಸೆರಗು ಬಿಗಿಹಿಡಿದು ಹೇಳಿದೆ: "ಗುಂಯ್ ಅಂತೈತೆ."

"ಅಜ್ಜಿ, ನಂಗೇನೂ ಕೇಳಿಸ್ತಿಲ್ಲ. ಪ್ಲೀಸ್ ಅಂಕಲ್, ನಂಗೆ ಹೀಗೇ ಓಕೆ."

"ಅತ್ತಿಗೆ ಅಂದ ಮೇಲೆ ಆಯ್ತು ಮಗಾ. ಇದು ಇನ್ನೂ ಆಗಿಲ್ಲ."

ಹುಡುಗಿ ಅಳಲಿಲ್ಲ. ಗಿಟಾರನ್ನು ಚೀಲಕ್ಕೆ ಹಾಕುವಾಗ ಜಿಪ್ ಸಿಗದೆ ಮೂರು ಸಲ ತಡವಿದಳು. ಅದನ್ನು ನೋಡಿದ ಮೇಲೆ ನನಗೆ ಊಟ ಸೇರಲಿಲ್ಲ.

ಮರುದಿನ ಮೈದುನ ತೋಟಕ್ಕೆ ಹೋಗಿದ್ದಾಗ ಪೆಟ್ಟಿಗೆಯ ಮುಂದೆ ಒಬ್ಬಳೇ ಕೂತೆ. ಸ್ವಿಚ್ ಹಾಕಿದೆ. ಗುಂಯ್. ಸ್ವಿಚ್ ಆರಿಸಿದೆ. ಗುಂಯ್! ಇದೇನಪ್ಪ ಎಂದು ಪ್ಲಗ್ಗನ್ನೇ ಕಿತ್ತೆ. ಆಗಲೂ ಗುಂಯ್!! ಮನೆಯ ಮೇನ್ ಸ್ವಿಚ್ ಇಳಿಸಿದೆ. ಹಿತ್ತಲಿಗೆ ಹೋದೆ. ದುಂಬಿ ನನ್ನ ಜೊತೆಗೇ ಹಿತ್ತಲಿಗೆ ಬಂತು. ಬಸ್ಸು ಹತ್ತಿ ಹೋದರೆ ಅರಸೀಕೆರೆಯ ಕಿವಿ ಡಾಕ್ಟರು ಹೇಳಿದ್ದೂ ಅದೇ: "ವಯಸ್ಸಾದ ಮೇಲೆ ಕೆಲವರಿಗೆ ಹೀಗಾಗತ್ತಮ್ಮ. ಸದ್ದು ಹೊರಗಿಲ್ಲ, ನಿಮ್ಮ ಕಿವಿಯೊಳಗೇ ಇದೆ. ಒಂದೊಂದು ದಿನ ಇರಲ್ಲ, ಒಂದೊಂದು ದಿನ ಇರತ್ತೆ."

ವಾಪಸು ಬಸ್ಸಿನಲ್ಲಿ ಲೆಕ್ಕ ಹಾಕುತ್ತಾ ಬಂದೆ. ಎಷ್ಟು ಪೆಟ್ಟಿಗೆ ಬಿಚ್ಚಿಸಿದೆ! ಎಷ್ಟು ಜನರನ್ನು ಬರಿಗೈಯಲ್ಲಿ ಕಳಿಸಿದೆ! ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಎಲ್ಲ ಹೇಳಿಬಿಟ್ಟೆ. ಅವನು ತಂತಿ ಸುತ್ತುತ್ತಿದ್ದವನು ಎಣಿಕೆ ನಿಲ್ಲಿಸಿದ. ಯಾರಿಗಾಗಿಯೂ ಎಣಿಕೆ ನಿಲ್ಲಿಸಿದವನಲ್ಲ.

"ಗೊತ್ತು ಅತ್ತಿಗೆ."

"ಗೊತ್ತಾ? ಯಾವಾಗಿಂದ?"

"ಮೊದಲ್ನೇ ದಿವಸದಿಂದ. ಅವತ್ತು ನಾನು ಪ್ಲಗ್ಗೇ ಹಾಕಿರ್ಲಿಲ್ಲ."

"ಮತ್ತೆ ನಿನ್ನ ಕಿವಿ?"

"ಕಿವಿಗೇನಾಗೈತೆ, ಚೆನ್ನಾಗೈತೆ." ತಂತಿಯ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಕೂತ. "ಅಣ್ಣ ಹೋಗಿ ಮೂರು ತಿಂಗಳು ನಿಮ್ಮ ದನಿ ಕೇಳಿರ್ಲಿಲ್ಲ. ಅವತ್ತು ಮಾತಾಡಿದ್ರಲ್ಲ. ಆಡಿದ ಮೊದಲ್ನೇ ಮಾತೇ ತಪ್ಪು ಅಂತ ಹೆಂಗೆ ಹೇಳ್ಲಿ?"

ನಾನು ಚಪ್ಪಲಿ ಬಿಡುವ ನೆಪದಲ್ಲಿ ಮುಖ ಬಗ್ಗಿಸಿದೆ. ಅವನಿಗೆ ಅದು ತಡೆಯಲಾಗಲಿಲ್ಲ ಅಂತ ಕಾಣುತ್ತದೆ. "ಮತ್ತೆ ನೋಡಿ, ನೀವು ಅಂತೈತೆ ಅಂದಾಗಲೆಲ್ಲ ಬಿಚ್ತಿದ್ನಲ್ಲ, ಬಿಚ್ಚಿದಾಗ ಏನಾದ್ರೂ ಒಂದು ಸಣ್ಣ ತಪ್ಪು ಸಿಕ್ಕೇ ಸಿಕ್ಕೋದು. ಪೆಟ್ಟಿಗೆ ಚೆನ್ನಾಗಿ ಬಂದಿದ್ದೇ ನಿಮ್ಮ ಕಿವಿಯಿಂದ" ಎಂದು ಜೋರಾಗಿ ನಕ್ಕ.

ಈಗ ತಿಳಿಯಿತಾ ಮಕ್ಕಳೇ, ಯಾಕೆ ಅಷ್ಟು ಬೆಲೆ ಅಂತ? ತಂತಿ, ಮರ, ವಾಲ್ವು ಒಂದಿಷ್ಟು. ಉಳಿದದ್ದು ನನ್ನ ಕಿವಿ.

ಆ ಹುಡುಗಿಗೆ ಫೋನು ಮಾಡು ಎಂದೆ. "ನೀವೇ ಹೇಳಿ" ಎಂದು ನಂಬರ್ ಒತ್ತಿ ನನ್ನ ಕೈಗೆ ಕೊಟ್ಟ. ಗೊತ್ತಿಲ್ಲದವರಿಗೆ ನಾನು ಮಾಡಿದ ಮೊದಲನೇ ಫೋನು ಅದು. ಆಚೆಯಿಂದ ಹಲೋ ಅಂದಳು. ಬರೆದು ತೋರಿಸೋಣ ಎಂದರೆ ಸ್ಲೇಟಿಲ್ಲ.

"ಮಗಾ, ನಾನು ಅತ್ತಿಗೆ," ಎಂದೆ. "ಬಂದು ಪೆಟ್ಟಿಗೆ ತಗಂಡೋಗು. ಅದು ಗುಂಯ್ ಅನ್ನಲ್ಲ. ಅಂತಿದ್ದೋಳು ನಾನು."

ಶನಿವಾರಕ್ಕೆ ಮೊದಲೇ ಬಂದು ತೆಗೆದುಕೊಂಡು ಹೋದಳು. ಅಷ್ಟಕ್ಕೆ ನನ್ನ ಉದ್ಯೋಗ ಹೋಯಿತು ಅಂದುಕೊಂಡಿದ್ದೆ. ಮರುದಿನ ಸಂಜೆ ಐದಕ್ಕೆ ಸರಿಯಾಗಿ ಫ್ರಿಜ್ ಬಂದ್ ಆಯಿತು, ಫ್ಯಾನ್ ನಿಂತಿತು. ಹೊಸ್ತಿಲ ಮುಂದೆ ಇನ್ನೊಂದು ಪೆಟ್ಟಿಗೆ ಬಂದು ಕೂತಿತು. ಪ್ಲಗ್ ಹಾಕಿದ್ದಾನೋ ಇಲ್ಲವೋ ನಾನು ನೋಡಲು ಹೋಗಲಿಲ್ಲ.