ಗದ್ದೆಗಿಳಿದ ವಿಮಾನ

ಕೆಟ್ಟ ಎಂಜಿನ್ನಿನ ವಿಮಾನವನ್ನು ಗದ್ದೆಯಲ್ಲಿ ಇಳಿಸಿದ ಧೀರ ನನ್ನ ಷಡ್ಡಕನ ಜಗುಲಿಯ ಮೇಲೆ ಕೂತಿದ್ದಾನೆ ಎಂದು ಹೊಳಲೂರಿನ ಕಡೆ ಎಲ್ಲರೂ ನಂಬಿದ್ದರು. ನಾನೂ ನಂಬಿದ್ದೆ, ಓದಿದ್ದ ಎಂ.ಎ. ಅಡ್ಡ ಬರಲಿಲ್ಲ. ಹೆಂಡತಿ ಕಡೆಯ ನೆಂಟರಲ್ಲಿ ಇಂಥವು ಆಗುತ್ತಲೇ ಇರುತ್ತವೆ. ಶಿವಮೊಗ್ಗಕ್ಕೆ ವಿಮಾನ ನಿಲ್ದಾಣ ಬರುವ ಮುಂಚಿನ ಮಾತು. ಈಗ ತಲೆಯ ಮೇಲೆ ವಿಮಾನ ಹೋದರೆ ಯಾರೂ ಕತ್ತೆತ್ತುವುದಿಲ್ಲ.

೧. ಇಳಿದವರು

ಪುಟ್ಟ ಖಾಸಗಿ ವಿಮಾನ. ಷಡ್ಡಕನ ಕೊಯ್ಲಾದ ಗದ್ದೆಯಲ್ಲಿ ಬದುವಿಗೆ ಮೂಗು ತಾಗಿಸಿ ನಿಂತಿತ್ತು. ಇಳಿದವರು ಇಬ್ಬರು: ಬಿಳಿ ಅಂಗಿ, ಕಪ್ಪು ಕನ್ನಡಕದ ಗಂಡಸು; ಜೀನ್ಸ್ ತೊಟ್ಟ ಹೆಂಗಸು. ಗಂಡಸಿಗೆ ಜಗುಲಿಯಲ್ಲಿ ಕುರ್ಚಿ ಹಾಕಿದರು. ಹೆಂಗಸನ್ನು ಷಡ್ಡಕನ ಹೆಂಡತಿ ಕೈಹಿಡಿದು ಒಳಗೆ ಕರೆದೊಯ್ದಳು. "ಗಾಬರಿಯಾಗಿರ್ತದೆ, ಬಾ ಮಾರಾಯ್ತಿ, ಕಾಫಿ ಕುಡಿ."

ಗಾಬರಿ ಆಗಿದ್ದದ್ದು ಗಂಡಸಿಗೆ. ಜಗುಲಿಯ ಕುರ್ಚಿಯಲ್ಲೂ ಸೀಟ್ ಬೆಲ್ಟ್ ತಡಕುತ್ತಿದ್ದ.

"ಪಾಪ, ಧೈರ್ಯವೆಲ್ಲ ಮೇಲೇ ಖರ್ಚಾಗಿದೆ," ಎಂದರು ನೆರೆದವರು.

೨. ತಜ್ಞರು

ಸುದ್ದಿ ಕೇಳಿ ಭದ್ರಾವತಿಯಿಂದ ಮಾವ ಬಂದರು. ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು, ಈಗಿಲ್ಲ. ಅವರೊಡನೆ ವಾದಿಸುವ ಸುಖ ಮತ್ತೆ ಸಿಕ್ಕಿಲ್ಲ. ವಿಮಾನಕ್ಕೆ ಸುತ್ತು ಹಾಕಿ, ಮುಟ್ಟಿ, ಮೂಸಿ, "ಕ್ಲಚ್ ಪ್ಲೇಟ್ ಹೋಗಿದೆ," ಎಂದರು.

"ಇದಕ್ಕೆ ಕ್ಲಚ್ಚೇ ಇರೋದಿಲ್ಲ ಮಾವ," ಎಂದೆ.

"ಅದಕ್ಕೇ ಅಳಿಯಂದಿರೇ, ಕೆಟ್ಟಿರೋದು."

೩. ಅಪ್ಪಣೆ

ಷಡ್ಡಕನ ಚಿಂತೆ ಬೇರೆ. ಮಾರನೆಯ ದಿನ ನಾಲೆಗೆ ನೀರು ಬಿಡುವವರಿದ್ದರು. ಸಸಿ ಮಡಿಯಲ್ಲಿ ಬಲಿತು ನಿಂತಿತ್ತು. ವಿಮಾನ ಸರಿಯದೆ ಉಳುಮೆ ಇಲ್ಲ.

"ಯಾವಾಗ ತೆಗೆಸ್ತೀರಿ ಸಾರ್?"

ಆತ ಅಡುಗೆಮನೆ ಕಡೆ ನೋಡಿದ. "ಮೇಡಂನ ಕೇಳಿ."

"ಟ್ರ್ಯಾಕ್ಟರ್‌ಗೆ ಕಟ್ಟಿ ಎಳೆಯೋಣ್ವಾ?"

"ಮೇಡಂ ಹೇಳ್ಬೇಕು."

ಒಳಗೆ ಮೇಡಂ ಏಳಲು ಹೊರಟಾಗಲೆಲ್ಲ ತಟ್ಟೆಗೆ ಇನ್ನೊಂದು ರೊಟ್ಟಿ ಬೀಳುತ್ತಿತ್ತು.

ಷಡ್ಡಕ ಆತನ ಹೆಗಲು ತಟ್ಟಿದ. "ನಮ್ಮನೇಲೂ ಹಿಂಗೇ ಬಿಡಿ ಸಾರ್."

೪. ಸನ್ಮಾನ

ಸಂಜೆ ಶಾಲೆಯ ಅಂಗಳದಲ್ಲಿ ಶಾಲು, ಪೇಟ, ಹಣ್ಣಿನ ಬುಟ್ಟಿ. ಮನೆಗಳ ಮೇಲೆ ಬೀಳಿಸದೆ ಊರು ಉಳಿಸಿದ ಪುಣ್ಯಾತ್ಮ ಎಂದು ಭಾಷಣಗಳಾದವು. ಪುಣ್ಯಾತ್ಮನ ಪೇಟ ಕಣ್ಣಿನವರೆಗೆ ಇಳಿದಿತ್ತು.

ಷಡ್ಡಕ ತಡೆಯಲಾರದೆ ಎದ್ದು ಕೈಮುಗಿದ. "ನಾಳೆ ನೀರು ಬರ್ತದೆ ಸಾರ್. ಈ ನಾಟಿ ತಪ್ಪಿದ್ರೆ ನನ್ನ ವರ್ಷ ಹೋಯ್ತು. ಮೇಡಂನ ಏನು ಕೇಳೋದು, ಓಡಿಸ್ದೋರು ನೀವಲ್ವಾ?"

ಆತ ಪೇಟ ತೆಗೆದು ಮೇಜಿನ ಮೇಲಿಟ್ಟ.

ಹೆಂಗಸರ ಸಾಲಿನಲ್ಲಿ, ಮಡಿಲಲ್ಲಿ ಅರಿಶಿನ ಕುಂಕುಮ, ರವಿಕೆ ಕಣ ಇಟ್ಟುಕೊಂಡು ಕೂತಿದ್ದ ಜೀನ್ಸಿನಾಕೆ ಎದ್ದಳು. "ಟ್ರ್ಯಾಕ್ಟರ್ ತನ್ನಿ, ರೆಕ್ಕೆ ಬಿಚ್ಚಿಸ್ತೀನಿ. ಬೆಳಗಾಗೋದ್ರಲ್ಲಿ ಗದ್ದೆ ಖಾಲಿ. ಹೇಳೋಕೆ ಬಿಟ್ರೆ ತಾನೆ ನೀವು?"

ವಿಮಾನ ಇಳಿಸಿದ್ದು ಆಕೆ.