ಸಾಹೇಬರ ಮನೆ ಮದುವೆಗೆ ಜಿಂಕೆ

"ಜಿಂಕೆ ವಿಷಯ ನನಗೆ ಬಿಡಿ ಸಾಹೇಬ್ರೆ" ಎಂದು ಶಿರಾದ ರಹೀಂ ಸಾಹೇಬರಿಗೆ ನಾನು ಮಾತು ಕೊಟ್ಟಾಗ ನನಗೆ ಜ್ವರವಿರಲಿಲ್ಲ, ಯಾರೂ ಏನೂ ಕುಡಿಸಿರಲಿಲ್ಲ. ಕುಡಿದದ್ದು ಅವರ ಬಟ್ಟೆ ಅಂಗಡಿಯ ಅರ್ಧ ಲೋಟ ಚಹಾ. ಆ ಅರ್ಧ ಲೋಟಕ್ಕೇ ಅಷ್ಟು ಧೈರ್ಯ ಬಂದಿತ್ತು.

ನಯಾಪೈಸೆ ಬಂದ ಹೊಸದು. ಪರವಾನಗಿ ಇದ್ದವರು ಬಯಲಿನಲ್ಲಿ ಜಿಂಕೆ ಹೊಡೆಯಬಹುದಾಗಿದ್ದ ಕಾಲ. ಸಾಹೇಬರ ಮಗಳ ಮದುವೆ ಪಾವಗಡದ ಹುಡುಗನೊಂದಿಗೆ ಗೊತ್ತಾಗಿತ್ತು. ಬೀಗರು ಊಟದ ವಿಷಯದಲ್ಲಿ ಬಹಳ ಕಟ್ಟುನಿಟ್ಟಿನವರಂತೆ. ನನ್ನ ಮಾತು ಕೇಳಿ ಸಾಹೇಬರು ಅಂದೇ ಅವರಿಗೆ ಹೇಳಿ ಕಳಿಸಿದರು: ಮದುವೆಗೆ ಜಿಂಕೆ ಊಟ. ಹೇಳಿಟ್ಟಿದ್ದ ಕುರಿಗಳಲ್ಲೂ ಕೆಲವನ್ನು ಬೇಡವೆಂದರು. ಅವರ ಮನೆಯ ಮರ್ಯಾದೆ ಹೀಗೆ ನನ್ನ ಗುರಿಯ ಮೇಲೆ ಬಂದು ಕೂತಿತು.

ಬಡವನಹಳ್ಳಿಯ ನಮ್ಮ ಮನೆಯಲ್ಲಿ ಅಪ್ಪನ ಹಳೆಯ ಕೋವಿ ಇತ್ತು. ಇಂಥ ಘನಕಾರ್ಯಕ್ಕೆ ಅದು ಸಾಲದೆಂದು ನಾನು ತೀರ್ಮಾನಿಸಿದೆ.

"ಮಾವನೋರು ಅದ್ರಾಗೇ ಹೊಡೀತಿರ್ಲಿಲ್ವಾ? ನಿಮ್ಗೆ ಗುರಿ ಇಲ್ಲ ಅಂತ ಕೋವಿ ಯಾಕೆ ಬದ್ಲಾಯಿಸ್ತೀರಾ?" ಎಂದಳು ನನ್ನ ಹೆಂಡತಿ ಗಂಗಮ್ಮ.

"ನಿನಗೆ ಇದೆಲ್ಲ ಗೊತ್ತಾಗಲ್ಲ" ಎಂದು ತುಮಕೂರಿನ ಬಸ್ಸು ಹತ್ತಿದೆ. ನನಗೂ ಗೊತ್ತಿರಲಿಲ್ಲ ಎನ್ನುವುದು ಅವಳಿಗೆ ತಿಳಿಯುವುದು ಬೇಡವಾಗಿತ್ತು.

ಕೋವಿ ಅಂಗಡಿಯವರು ಜೋಡಿ ನಳಿಗೆಯ ಕೋವಿ ತೋರಿಸಿ, ಚರೆಯ ತೋಟಾ ಮುಂದಿಟ್ಟರು. ಬೀಗರು ಊಟಕ್ಕೆ ಕೂತಾಗ ಹಲ್ಲಿಗೆ ಸೀಸದ ಕಾಳು ಸಿಕ್ಕರೆ ಗತಿಯೇನು? ಚರೆಯನ್ನು ತಿರಸ್ಕರಿಸಿದೆ.

"ಹಂಗಾದ್ರೆ ಒಂಟಿ ಗುಂಡಿಂದು ತಗೊಳ್ಳಿ ಸ್ವಾಮಿ. ಒಂದು ತೋಟಾಕ್ಕೆ ಒಂದೇ ಗುಂಡು. ತಗುಲ್ತೋ, ಜಿಂಕೆ ನಿಂತಲ್ಲೇ ಮುಗೀತು."

ನನಗೆ ಬೇಕಾಗಿದ್ದುದು ಅದೇ! ಆದರೆ ಒಂದೇ ಗುಂಡೆಂದ ಮೇಲೆ ಗುರಿ ಬೇಕು. ಗುರಿ ನಮ್ಮ ವಂಶದಲ್ಲಿ ಅಪ್ಪನಿಗೇ ಮುಗಿದಿತ್ತು. ಆದ್ದರಿಂದ ದುರ್ಬೀನು ಕೇಳಿದೆ.

"ಅದನ್ನ ರೈಫಲ್ಲಿಗೆ ಹಾಕೋದು ಸ್ವಾಮಿ. ಇಂಥ ಕೋವಿಗೆ ಯಾರೂ ಹಾಕ್ಸಲ್ಲ."

"ನಾನು ಹಾಕಿಸುತ್ತೇನೆ" ಎಂದೆ. ಅವರು ನಿಟ್ಟುಸಿರು ಬಿಟ್ಟು ಕಬ್ಬಿಣದ ಪಟ್ಟಿ ಹಾಕಿ ಬಿಗಿಸಿ ಕೊಟ್ಟರು. ಬಿಗಿಸುತ್ತಾ ಕಣ್ಣಿನ ವಿಷಯವಾಗಿ ಏನೋ ಹೇಳಿದರು. ನಾನಾಗ ದುರ್ಬೀನಿನಲ್ಲಿ ಎದುರು ಹೋಟೆಲಿನವನು ದೋಸೆ ಮಗುಚುವುದನ್ನು ನೋಡುತ್ತಿದ್ದೆ.

ಮದುವೆಯ ಹಿಂದಿನ ದಿನ ಬೆಳಿಗ್ಗೆ ಬೇಟೆ. ಹೊರಡುವ ಹೊತ್ತಿಗೆ ಸಾಹೇಬರ ಭಾವಮೈದ ಖಾದರ್ ಭಾಯಿ ಏದುಸಿರು ಬಿಡುತ್ತಾ ಸೈಕಲ್ಲಿನಿಂದ ಇಳಿದರು. ಭಾರಿ ಆಳು. ಸೊಂಟದಲ್ಲಿ ಚೂರಿ.

"ಇದ್ಯಾಕೆ ಭಾಯಿ?"

"ಹಲಾಲ್ ಮಾಡ್ಬೇಕಲ್ಲ ಗೌಡ್ರೆ. ನೀವು ಹೊಡೀರಿ, ನಾನು ಓಡೋಗಿ ಕುತ್ತಿಗೆ ಕೊಯ್ತೀನಿ. ಅಲ್ಲೀಗಂಟ ಜೀವ ಇರ್ಬೇಕು. ಸತ್ತೋದ್ರೆ ನಾವು ತಿನ್ನಂಗಿಲ್ಲ."

ಶಿರಾದ ಸಂತೆಯಲ್ಲಿ ಕುರಿ ಕೊಯ್ಯುವುದನ್ನು ಹುಟ್ಟಿದಾಗಿನಿಂದ ನೋಡಿದವನು ನಾನು. ಜಿಂಕೆಗೂ ಅದೇ ನಿಯಮ ಎಂಬುದು ಒಮ್ಮೆಯೂ ಹೊಳೆದಿರಲಿಲ್ಲ. ನಿಂತಲ್ಲೇ ಸಾಯಿಸುವ ಗುಂಡನ್ನು ತುಮಕೂರಿನವರೆಗೆ ಹೋಗಿ ಆರಿಸಿ ತಂದಿದ್ದೆ.

"ಮೆಲ್ಲಗೆ ಹೊಡೀರಿ" ಎಂದರು ಖಾದರ್ ಭಾಯಿ.

ಕೋವಿಯಲ್ಲಿ ಮೆಲ್ಲಗೆ ಹೊಡೆಯುವುದು ಹೇಗೆ ಎಂದು ದಾರಿಯುದ್ದಕ್ಕೂ ಯೋಚಿಸಿದೆ. ಕಾಲಿಗೆ ಹೊಡೆಯುವುದೆಂದು ನಿಶ್ಚಯವಾಯಿತು. ಬಯಲಿನಲ್ಲಿ ಹಿಂಡು ಸಿಕ್ಕಿತು. ಒಂದು ಗಂಡು ಜಿಂಕೆ ಅಡ್ಡಲಾಗಿ ನಿಂತಿತು. ಚೆನ್ನಾಗಿ ಕಾಣಲೆಂದು ದುರ್ಬೀನಿಗೆ ಕಣ್ಣನ್ನು ಒತ್ತಿ, ಹಿಂಗಾಲಿಗೆ ಗುರಿಯಿಟ್ಟು ಕೋವಿಯ ಕುದುರೆ ಎಳೆದೆ.

ಆಮೇಲೆ ನಾನು ನೆಲದ ಮೇಲಿದ್ದೆ. ಕೋವಿ ಹಿಂದಕ್ಕೆ ಒದ್ದು, ಅದರ ಹಿಡಿ ಕೆನ್ನೆಗೂ ದುರ್ಬೀನಿನ ಅಂಚು ಹುಬ್ಬಿಗೂ ಬಡಿದು ರಕ್ತ ಸುರಿಯುತ್ತಿತ್ತು. ಒಂದೇ ಕಣ್ಣಿನಲ್ಲಿ ನೋಡಿದೆ. ಖಾದರ್ ಭಾಯಿ ಚೂರಿ ಹಿಡಿದು, ಲುಂಗಿ ಎತ್ತಿ, ತಮ್ಮ ಮೈಭಾರವನ್ನೆಲ್ಲ ಹೊತ್ತು ಓಡುತ್ತಿದ್ದರು. ಓಡಿದರು. ನಿಂತರು. ಬಗ್ಗಿ ನೋಡಿದರು. ಜಿಂಕೆಯ ಪಕ್ಕದಲ್ಲೇ ಕುಸಿದು ಕೂತರು.

"ಎದೆಗೇ ಬಿದ್ದೈತೆ ಗೌಡ್ರೆ. ಸತ್ತೋಗೈತೆ."

ಜೀವಮಾನದಲ್ಲಿ ನನ್ನ ಗುಂಡು ಒಂದು ಪ್ರಾಣಿಗೆ ತಗುಲಿದ್ದು ಅದೊಂದೇ ಸಲ. ಮರದ ಹಕ್ಕಿಯಿಂದ ಹಿಡಿದು ಗದ್ದೆಯ ಹಂದಿಯವರೆಗೆ ನನ್ನಿಂದ ಬದುಕಿ ಉಳಿದವು ಲೆಕ್ಕವಿಲ್ಲ. ಅವತ್ತೂ ತಪ್ಪಬಾರದಿತ್ತೇ ಎಂದು ಕೂತಲ್ಲೇ ಅಳು ಬಂತು. ತಪ್ಪಿದ್ದರೆ ಇನ್ನೊಂದು ಗುಂಡು ಹಾರಿಸಬಹುದಿತ್ತು. ಈಗ ಹಿಂಡು ಕಣ್ಮರೆ, ನನ್ನ ಕಣ್ಣೂ ಮರೆ.

ಶಿರಾದಲ್ಲಿ ವಿಷಯ ತಿಳಿಸಿದಾಗ ಸಾಹೇಬರು ಸೀರೆಯ ಮೂಟೆಯ ಮೇಲೆ ಕೂತುಬಿಟ್ಟರು. ಕೂಗಾಡಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

"ಬೀಗ್ರಿಗೆ ಹೇಳ್ಬುಟ್ಟಿದ್ದೆ ಗೌಡ್ರೆ" ಎಂದರು, ಅಷ್ಟೇ.

"ನಾನೇ ಹುಲಿಕುಂಟೆಗೆ ಹೋಗಿ ಕುರಿ ಹಿಡಿದು ತರುತ್ತೇನೆ" ಎಂದೆ.

"ಬ್ಯಾಡ, ನೀವು ಹೋಗ್ಬ್ಯಾಡಿ" ಎಂದು ಒಳಗಿನ ಹೆಂಗಸರೂ ಸೇರಿ ಮನೆಮಂದಿಯೆಲ್ಲ ಒಟ್ಟಿಗೆ ಹೇಳಿದರು. ಖಾದರ್ ಭಾಯಿಯೇ ಮತ್ತೆ ಸೈಕಲ್ಲು ಹತ್ತಿದರು.

ಜಿಂಕೆಯನ್ನು ನಮ್ಮ ಮನೆಯಲ್ಲಿ ಬೇಯಿಸಿದರು. ನನ್ನ ಕೆನ್ನೆ ಊದಿ ಬಾಯಿ ತೆರೆಯಲಾಗಲಿಲ್ಲ. ಅಕ್ಕಪಕ್ಕದವರು ಚಪ್ಪರಿಸಿ ತಿಂದು, "ಚರೆ ಒಂದೂ ಇಲ್ಲ ನೋಡ್ಲಾ" ಎಂದು ಹೊಗಳಿದರು. ಗಂಗಮ್ಮ ನನಗೆ ಗಂಜಿ ಕೊಟ್ಟಳು.

ಮದುವೆಗೆ ಹೋಗದೆ ಗತಿಯಿರಲಿಲ್ಲ. ಕುರಿ ಬಲಿತದ್ದು, ಅಗಿಯುತ್ತಿದ್ದ ಬೀಗರ ಮುಖ ನೋಡಲಾರದೆ ಮೂಲೆ ಹಿಡಿದೆ. ಗಂಡಿನ ತಂದೆ ನನ್ನನ್ನು ಹುಡುಕಿಕೊಂಡೇ ಬಂದರು. ಕಣ್ಣಿನ ಸುತ್ತ ನೀಲಿಗಟ್ಟಿದ್ದ ಬಳೆಯಂಥ ಗುರುತನ್ನು ಬಹಳ ಹೊತ್ತು ನೋಡಿ, ತಗ್ಗಿದ ದನಿಯಲ್ಲಿ ಕೇಳಿದರು:

"ಜಿಂಕೆ ಒದ್ದುಬುಡ್ತಾ ಗೌಡ್ರೆ?"

ಸಾಹೇಬರು ದೂರದಿಂದ ನನ್ನನ್ನೇ ನೋಡುತ್ತಿದ್ದರು.

"ಹೌದು. ಒದ್ದು ಓಡಿಹೋಯಿತು" ಎಂದೆ.

ಅವರು ನನ್ನ ಬೆನ್ನು ಸವರಿ, "ಹೋಗ್ಲಿ ಬುಡಿ, ಜೀವ ಉಳೀತಲ್ಲ" ಎಂದು ತಮ್ಮ ತಟ್ಟೆಯಿಂದ ಮೆತ್ತಗಿನ ತುಂಡೊಂದನ್ನು ಹುಡುಕಿ ನನಗೆ ಹಾಕಿದರು.