ಮೊದಲು ಮೈನ್ ಆಫ್ ಮಾಡು

ಮಕ್ಕಳೇ, ನಿಮ್ಮಜ್ಜಿ ಕಂಪ್ಯೂಟರ್ ಕಲಿತ ಕತೆಯನ್ನು ನಿಮ್ಮಮ್ಮ ಬಣ್ಣ ಕಟ್ಟಿ ಹೇಳುವ ಮೊದಲು ನಾನೇ ಬರೆದುಬಿಡುತ್ತೇನೆ.

ದೊಡ್ಡಬಳ್ಳಾಪುರದ ನಮ್ಮ ಮನೆಯ ಹತ್ತಿರವೇ ಒಂದು ಪುಟ್ಟ ಸಮುದಾಯ ಕಾಲೇಜು. ಕೆಳಗೆ ನೂಲಿನ ಅಂಗಡಿ, ಮೇಲೆ ವಿದ್ಯೆ. ಅಲ್ಲಿ ಮಾಹಿತಿ ತಂತ್ರಜ್ಞಾನದ ಕೋರ್ಸಿಗೆ ಸೇರಿದೆ. ನಮ್ಮ ಮಹಿಳಾ ಸಂಘದವರು ಸೀರೆಗಳ ಫೋಟೊ ಹಾಕಿ ಕಂಪ್ಯೂಟರಿನಲ್ಲೇ ಮಾರಲು ಹೊರಟಿದ್ದರು. "ಪಾಸಾಗಿ ಬನ್ನಿ ಅಕ್ಕಾ, ಕಂಪ್ಯೂಟರ್ ಮುಂದಿನ ಕುರ್ಚಿ ನಿಮ್ಗೇ," ಎಂದಿದ್ದರು ಅಧ್ಯಕ್ಷೆ. ನಿಮ್ಮ ತಾತ ಹೋದಮೇಲೆ ಎಲ್ಲರೂ ನನಗೆ ಕೊಟ್ಟಿದ್ದು ಮೂಲೆ. ಕುರ್ಚಿ ಕೊಟ್ಟವರು ಇವರೊಬ್ಬರೇ. ಬಿಡಲುಂಟೇ?

ಪರೀಕ್ಷೆಯ ದಿನ ಬೆಳಗ್ಗೆ ನಿಮ್ಮಮ್ಮ, "ಅತ್ತೆ, ಏನಾದ್ರೂ ಗೊತ್ತಾಗ್ದಿದ್ರೆ ನಾಚ್ಕೋಬೇಡಿ, ಸಾರ್‌ನ ಕೂಗಿ," ಎಂದಳು.

"ಯಾಕ್ ಕೂಗ್ಲಿ? ನಂಗೆಲ್ಲಾ ಬರುತ್ತೆ ಕಣೆ."

ನಿಜಕ್ಕೂ ಬರುತ್ತಿತ್ತು. ಪತ್ರ ಟೈಪ್ ಮಾಡಿ ಚಿತ್ರ ಅಂಟಿಸುವ ಪ್ರಶ್ನೆ. ಅರ್ಧ ಮುಗಿಸಿದ್ದೆ. ಅಷ್ಟರಲ್ಲಿ ಪರದೆಯ ಮೇಲಿನ ಬಾಣ ನಿಂತುಬಿಟ್ಟಿತು! ಮೌಸ್ ಎಳೆದೆ, ತಟ್ಟಿದೆ, ಮನಸ್ಸಿನಲ್ಲೇ ಬೈದೆ. ಜಪ್ಪಯ್ಯ ಎಂದರೂ ಅಲುಗಲಿಲ್ಲ. ಅಷ್ಟು ಹುಡುಗರ ಮುಂದೆ ಸಾರ್‌ನ ಕೂಗಲು ನನ್ನ ದನಿಯೂ ಏಳಲಿಲ್ಲ.

ಆಗ ನೆನಪಾಯಿತು. ನಮ್ಮ ಮನೆಯ ಕರೆಂಟು ಮಗ್ಗದಲ್ಲಿ ಲಾಳಿ ಸಿಕ್ಕಿಕೊಂಡಾಗಲೆಲ್ಲ ನಿಮ್ಮ ತಾತ, "ಮೊದ್ಲು ಮೈನ್ ಆಫ್ ಮಾಡು, ಆಮೇಲೆ ಕೈ ಹಾಕು!" ಎಂದು ಕೂಗುತ್ತಿದ್ದರು. ಹಾಗೆ ಮಾಡಿದ್ದರಿಂದಲೇ ನನ್ನ ಬೆರಳುಗಳೆಲ್ಲ ಇನ್ನೂ ಕೈಯಲ್ಲಿವೆ.

ಸದ್ದಿಲ್ಲದೆ ಎದ್ದು, ಬಾಗಿಲ ಪಕ್ಕದ ಮೈನ್ ಪೆಟ್ಟಿಗೆಯ ಹಿಡಿಯನ್ನು ಕೆಳಗೆಳೆದೆ.

ಎಲ್ಲ ಪರದೆಗಳೂ ಕಪ್ಪಾದವು.

"ಕರೆಂಟ್ ಹೋಯ್ತು ಗುರು!"

"ಲೋ, ಸೇವ್ ಮಾಡಿರ್ಲಿಲ್ಲ ಕಣೋ!"

ಯಾರೂ ಮಾಡಿರಲಿಲ್ಲ.

"ಇರ್ರಪ್ಪಾ, ಕರೆಂಟ್‌ನೋರಿಗೆ ಫೋನ್ ಮಾಡ್ತೀನಿ," ಎಂದು ಸಾರ್ ಜೇಬಿಗೆ ಕೈ ಹಾಕಿದರು. ಪಾಪ, ಅವರಿಗೇಕೆ ತೊಂದರೆ ಎಂದು ಹಿಡಿಯನ್ನು ಮೇಲೆತ್ತಿದೆ. ಫ್ಯಾನುಗಳು ತಿರುಗಿದವು. ತಲೆಗಳೂ ತಿರುಗಿದವು.

"ಫೋನ್ ಬೇಡ ಸಾರ್, ನಾನೇ ಮೈನ್ ಆಫ್ ಮಾಡಿದ್ದು." ಇಡೀ ಕೋರ್ಸಿನಲ್ಲಿ ಎಲ್ಲರಿಗೂ ಕೇಳಿಸುವಂತೆ ನಾನಾಡಿದ ಮೊದಲ ಮಾತು!

"ಯಾಕಮ್ಮಾ?"

"ನನ್ ಮಿಷನ್ ಸಿಕ್ಕಾಕ್ಕೊಂಡಿತ್ತು ಸಾರ್."

"ಅದೊಂದನ್ನೇ ಆಫ್ ಮಾಡ್ಬಾರ್ದಿತ್ತಾ?"

"ಈಗ ಹೊಳೀತು ಸಾರ್."

ಊಟವಾದ ಮೇಲೆ ಮತ್ತೆ ಮೊದಲಿನಿಂದ ಪರೀಕ್ಷೆ ಎಂದು ತೀರ್ಪಾಯಿತು. ಬೇರೆ ಪ್ರಶ್ನೆಪತ್ರಿಕೆ ಇರಲಿಲ್ಲವಾದ್ದರಿಂದ ಅದೇ ಪ್ರಶ್ನೆಗಳು. ಊಟದ ಹೊತ್ತೆಲ್ಲ ನಾನು ಒಬ್ಬೊಬ್ಬರ ಬಳಿಗೂ ಹೋಗಿ, "ತಪ್ಪಾಯ್ತು ಕಣಪ್ಪಾ," ಎಂದೆ. ಯಾರೂ ತಲೆಯೆತ್ತಲಿಲ್ಲ. ಕೋಪವೆಂದುಕೊಂಡೆ. ಕೋಪವಲ್ಲ, ಬಿಡುವಿರಲಿಲ್ಲ: ಉತ್ತರ ಗೊತ್ತಿದ್ದವರು ಗೊತ್ತಿಲ್ಲದವರಿಗೆ ಹೇಳಿಕೊಡುತ್ತಿದ್ದರು!

ಮಧ್ಯಾಹ್ನ ನನ್ನನ್ನು ಮೈನ್ ಪೆಟ್ಟಿಗೆಯಿಂದ ದೂರ ಕೂರಿಸಿ, ಸಾರ್ ಪಕ್ಕದಲ್ಲೇ ಕಾವಲು ನಿಂತರು. ಅವರ ಕಡೆಗೇ ನೋಡುತ್ತ ಟೈಪ್ ಮಾಡಿದೆ. ಒತ್ತಿದ ಬೆರಳು ಏಳದೆ, ಒಂದೇ ಅಕ್ಷರ ಪುಟವಿಡೀ ಓಡಿತು.

ಫಲಿತಾಂಶ ಬಂತು. ಹಿಂದೆ ಡುಮ್ಕಿ ಹೊಡೆದವರೂ ಸೇರಿ ತರಗತಿಗೆ ತರಗತಿಯೇ ಪಾಸು. ಅದನ್ನು ಸಾಧಿಸಿಕೊಟ್ಟ ಮಹಾತಾಯಿ ಮಾತ್ರ ಫೇಲು!

ಅಧ್ಯಕ್ಷೆ ಒಳ್ಳೆಯವರು, ಇನ್ನೊಂದು ಪರೀಕ್ಷೆಯವರೆಗೆ ಕಾಯುತ್ತೇವೆ ಎಂದರು. ಮರುಪರೀಕ್ಷೆಗೆ ಹೆಸರು ಬರೆಸಲು ಕಾಲೇಜಿಗೆ ಹೋದೆ. ಹೊಸ ತಂಡದ ಹುಡುಗಿಯೊಬ್ಬಳು ಓಡಿಬಂದು ಕೈ ಹಿಡಿದಳು.

"ಅಜ್ಜಿ, ನಮ್ ಜೊತೆನೇ ಬರೀತೀರಲ್ವಾ?"

ಸಂಕೋಚದಿಂದ ಹೂಂ ಎಂದೆ. ಅವಳು ಹಿಂದೆ ತಿರುಗಿ ಗೆಳತಿಯರಿಗೆ ಕೂಗಿದಳು: "ಲೇ, ಪುಸ್ತಕ ಮುಚ್ರೇ, ಅಜ್ಜಿ ಬರ್ತಾರಂತೆ!"